ಯಕ್ಷಗಾನ ನಂಬಿಕೊಂಡು ಸಂಸಾರ ಸಾಗುತ್ತಾ?

ಮಗನಿಗೆ ಯಕ್ಷಗಾನದ ಹುಚ್ಚು ಹಿಡಿದ ಮನೆಗಳಿಂದ ನನಗೆ ಬರುವ ಪ್ರಶ್ನೆ ಇದೊಂದೇ. "ಮಾಸ್ಟ್ರೇ, ಡಿಗ್ರಿ ಮುಗಿಸಿ ಮೇಳಕ್ಕೆ ಸೇರ್ತೇನೆ ಅಂತಿದ್ದಾನೆ. ಅದ್ರಲ್ಲಿ ಹೊಟ್ಟೆ ತುಂಬುತ್ತಾ?" ಕೆಲವರು ಸಂಕೋಚದಿಂದ ಕೇಳುತ್ತಾರೆ. ಕೆಲವರು ನನ್ನ ಬಾಯಲ್ಲಿ ಬೇಡ ಅನ್ನಿಸಲೆಂದೇ ಕೇಳುತ್ತಾರೆ. ವೇಷ ಮಾಡಿಯೇ ಮನೆ ನಡೆಸುತ್ತಿರುವವನು ನಾನು, ಹಾಗಾಗಿ ಸುಮ್ನೆ ಸಮಾಧಾನದ ಮಾತು ಹೇಳಿ ಕಳಿಸುವುದು ಸರಿಯಲ್ಲ.

ತುಂಬುತ್ತದೆ. ಆದರೆ ಆರು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ಬದುಕಲು ಗೊತ್ತಿರಬೇಕು. ಹೆಜ್ಜೆ ಕಲಿಸುವ ಗುರುಗಳಿದ್ದಾರೆ, ಅರ್ಥ ಹೇಳಲು, ಅಂದರೆ ಪಾತ್ರದ ಮಾತಾಡಲು, ಕಲಿಸುವವರೂ ಇದ್ದಾರೆ, ಇದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಕರಾವಳಿಯ ಹೊರಗಿನವರಿಗಾಗಿ ಸ್ವಲ್ಪ ವಿವರ. ಮೇಳ ಅಂದರೆ ಯಕ್ಷಗಾನದ ತಂಡ, ಆಟ ಅಂದರೆ ಅದರ ಪ್ರದರ್ಶನ. ಮೇಳಗಳು ನವೆಂಬರ್ ಹೊತ್ತಿಗೆ ಊರೂರಲ್ಲಿ ಆಟ ಆಡುವ ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಆಟ, ಉತ್ಸವಗಳು ನಿಲ್ಲುವ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಕಟೀಲು, ಮಂದಾರ್ತಿಯಂಥ ದೇವಸ್ಥಾನದ ಮೇಳಗಳು ಆಡುವುದು ಹೆಚ್ಚಾಗಿ ಹರಕೆಯ ಆಟ. ಮದುವೆಯಾಯಿತು, ಮಗುವಾಯಿತು, ಕಾಯಿಲೆ ವಾಸಿಯಾಯಿತು ಅಂತ ದೇವರಿಗೆ ಹೇಳಿಕೊಂಡವರು ಆಟದ ಖರ್ಚು ಕೊಡುತ್ತಾರೆ. ಊರಿನವರಿಗೆ ಟಿಕೆಟ್ ಇಲ್ಲ. ಹರಕೆ ಹೇಳಿಕೊಂಡವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುವುದೂ ಇದೆ. ಇದರಿಂದ ಕಲಾವಿದನಿಗೆ ಆಗುವ ಉಪಕಾರ ದೊಡ್ಡದು. ಎದುರಿಗೆ ಸಾವಿರ ಜನ ಕೂತರೂ ಅಷ್ಟೇ, ಐವತ್ತು ಜನ ಕೂತರೂ ಅಷ್ಟೇ, ಅವನ ಸಂಬಳ ಬದಲಾಗುವುದಿಲ್ಲ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದವರು ಹೆಚ್ಚಿನವರು ಹೊಲದ ಕೆಲಸ ಮಾಡಿಕೊಂಡೇ ಆಟ ಆಡುವವರು, ಅವರಿಗೆ ಇಂಥ ಬೆನ್ನೆಲುಬು ಸಿಗಲಿಲ್ಲ. ನಮ್ಮಲ್ಲಿ ಇಷ್ಟೊಂದು ಜನ ಪೂರ್ಣಾವಧಿ ಕಲಾವಿದರಾಗಿ ಉಳಿದಿದ್ದರೆ ಅದಕ್ಕೆ ನಮ್ಮ ಪ್ರತಿಭೆಯೊಂದೇ ಕಾರಣವಲ್ಲ, ಯಾರೋ ಕಟ್ಟಿಕೊಂಡ ಹರಕೆಯೂ ಕಾರಣ. ಸಾಲಿಗ್ರಾಮ, ಪೆರ್ಡೂರಿನಂಥ, ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ಲೆಕ್ಕ ಬೇರೆ. ಅಲ್ಲಿ ಹೊಸ ಪ್ರಸಂಗ, ಅಂದರೆ ಆಟದ ಕಥೆ, ಜನರಿಗೆ ಹಿಡಿಸಬೇಕು, ಸಂಘಟಕರು ಆಟ ಕೊಂಡುಕೊಳ್ಳಬೇಕು.

ಸಂಬಳ ತಿರುಗಾಟಕ್ಕೆ ಮೊದಲೇ ಮಾತಾಗುತ್ತದೆ. ಹಾಡಿ ಆಟ ನಡೆಸುವ ಭಾಗವತರಿಗೆ ಮತ್ತು ಹೆಸರಾದ ವೇಷಧಾರಿಗಳಿಗೆ ಜಾಸ್ತಿ, ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡುವ ಹುಡುಗರಿಗೆ ಕಡಿಮೆ. ಆ ಅಂತರ ಚಿಕ್ಕದಲ್ಲ. ಹೊಸ ಹುಡುಗ ಮೊದಲ ಕೆಲವು ವರ್ಷ ಮನೆಗೆ ದೊಡ್ಡ ಮೊತ್ತ ತರುತ್ತಾನೆ ಅಂತ ಯಾರೂ ಲೆಕ್ಕ ಹಾಕಬಾರದು. ಊಟ ಮೇಳದ್ದೇ, ಹಾಗಾಗಿ ತಿರುಗಾಟದಲ್ಲಿ ಕೈಖರ್ಚು ಕಡಿಮೆ. ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಜೂನ್‌ನಲ್ಲಿ ಮಕ್ಕಳ ಶಾಲೆ ಫೀಸು ಬರುತ್ತದೆ, ಕೈಯಲ್ಲಿ ಇರುವುದಿಲ್ಲ, ಮುಂದಿನ ತಿರುಗಾಟದ ಸಂಬಳದಲ್ಲಿ ಮುಂಗಡ ಕೇಳುತ್ತೇವೆ. ಮುಂಗಡ ತಗೊಂಡವನು ಮತ್ತೆ ಸಂಬಳ ಮಾತಾಡುವಾಗ ಗಟ್ಟಿಯಾಗಿ ಮಾತಾಡಲಾರ. ಒಳ್ಳೊಳ್ಳೆಯ ಕಲಾವಿದರು ಈ ಮುಂಗಡದ ಸುಳಿಯಿಂದ ಎಷ್ಟೋ ವರ್ಷ ಹೊರಬರದೇ ಹೋದದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗಿದೆ.

ಮಳೆಗಾಲದಲ್ಲಿ ದುಡಿಯಲು ದಾರಿ ಇಲ್ಲವೆಂದಲ್ಲ. ತೆಂಕಿನ ಕಡೆ, ಅಂದರೆ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ, ಚಿಕ್ಕಮೇಳ ಇದೆ. ನಾಲ್ಕಾರು ಜನ ಸೇರಿ ಸಂಜೆ ಮನೆಮನೆಗೆ ಹೋಗಿ, ದೀಪದ ಮುಂದೆ ಒಂದು ಸಣ್ಣ ಸನ್ನಿವೇಶ ಆಡಿ, ಮನೆಯವರು ಇಟ್ಟ ಅಕ್ಕಿ ತೆಂಗಿನಕಾಯಿ ಕಾಣಿಕೆ ತಗೊಂಡು ಮುಂದಿನ ಮನೆಗೆ ನಡೆಯುವುದು. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ ಇದೆ, ಆದರೆ ಅದಕ್ಕೆ ಓದು ಬೇಕು, ಪುರಾಣ ಬಾಯಲ್ಲಿರಬೇಕು. ಮುಂಬಯಿಯಲ್ಲಿ ನಮ್ಮ ಊರಿನವರು ಕರೆಸುವ ಆಟಗಳಿವೆ. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಶಾಲೆಗಳಲ್ಲಿ ಈಗ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರೆ. ನನ್ನ ಮಳೆಗಾಲ ನಡೆಯುವುದು ಹೆಚ್ಚಾಗಿ ಈ ತರಗತಿಗಳಿಂದಲೇ, ಮತ್ತು ಕಲಿಸುವುದು ವೇಷ ಮಾಡುವುದಕ್ಕಿಂತ ಕಡಿಮೆ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು ದುಡ್ಡು ಕೇಳುವ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಸಂಘದವರೊಬ್ಬರು ಫೋನ್ ಮಾಡಿ ವಾರ್ಷಿಕೋತ್ಸವಕ್ಕೆ ಒಂದು ವೇಷ ಮಾಡಿಕೊಡಿ ಅಂದರು. ಸಂಭಾವನೆ ಎಷ್ಟು ಅಂತ ಕೇಳಿದೆ. "ಕಲಾಸೇವೆ ಅಲ್ವಾ ಮಾಸ್ಟ್ರೇ, ಅದೆಲ್ಲ ಯಾಕೆ, ಸನ್ಮಾನ ಮಾಡ್ತೇವೆ" ಅಂದರು. ಶಾಮಿಯಾನದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಪೂರ್ತಿ ಹಣ ಕೊಡುತ್ತಾರೆ, ಕೊಡಲೇಬೇಕು. ಬಣ್ಣ ಹಚ್ಚಲು ಗಂಟೆಗಟ್ಟಲೆ ಕೂತು, ಕಿರೀಟ ಹೊತ್ತು, ಬೆವರು ಸುರಿಸಿ ಕುಣಿಯುವವನಿಗೆ ಮಾತ್ರ ಶಾಲು ಮತ್ತು ಹಣ್ಣಿನ ಬುಟ್ಟಿ. ಶಾಲು, ಹೂವಿನ ಹಾರಕ್ಕೆ ಹಾಕುವ ದುಡ್ಡನ್ನೂ ಲಕೋಟೆಗೆ ಹಾಕಿ ಅಂತ ನಾನು ಈಗ ನೇರವಾಗಿ ಹೇಳುತ್ತೇನೆ. ಬೇಸರ ಮಾಡಿಕೊಂಡವರಿದ್ದಾರೆ, ಆದರೆ ಅರ್ಥ ಮಾಡಿಕೊಂಡು ಕೊಟ್ಟವರೇ ಜಾಸ್ತಿ. ದೇವರ ಮುಂದೆ ಸೇವೆ ಮಾಡುವುದು ನನ್ನ ಇಷ್ಟ, ಅದನ್ನು ಬೇರೆಯವರು ನನ್ನ ಪರವಾಗಿ ತೀರ್ಮಾನ ಮಾಡುವಂತಿಲ್ಲ.

ಮನೆಯವರಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ ಪ್ರಯಾಣ. ಮೊದಲು ಬೆಳಗಿನ ತನಕ ಆಟ, ಆಮೇಲೆ ಮೇಳದ ಜೊತೆಗೇ ನಿದ್ದೆ. ಈಗ ಕಾಲಮಿತಿಯ ಆಟ ಜಾಸ್ತಿ, ಮಧ್ಯರಾತ್ರಿ ಹೊತ್ತಿಗೆ ಮುಗಿಯುತ್ತದೆ, ಹುಡುಗರು ಮನೆಗೆ ಹೋಗೋಣ ಅಂತ ಬೈಕ್ ಹತ್ತುತ್ತಾರೆ. ಕುಣಿದು ದಣಿದ ಮೈ, ಕಣ್ಣಲ್ಲಿ ನಿದ್ದೆ. ಅಪಘಾತಗಳಾಗಿವೆ, ಜೀವಗಳೂ ಹೋಗಿವೆ. ವಿಮೆ ಮಾಡಿಸದೆ ದಯವಿಟ್ಟು ಕಳಿಸಬೇಡಿ. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ವಿಮೆ, ಮಕ್ಕಳ ಓದು, ಮನೆ ಕಟ್ಟುವುದು ಎಲ್ಲದಕ್ಕೂ ಕೈಜೋಡಿಸುತ್ತದೆ. ಭಾಗವತ ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಶುರು ಮಾಡಿದ ಫೌಂಡೇಶನ್ ಕೂಡ ಕಷ್ಟದಲ್ಲಿರುವ ಕಲಾವಿದರ ಜೊತೆ ನಿಲ್ಲುತ್ತದೆ. ವಯಸ್ಸಾದವರಿಗೆ ಸರ್ಕಾರದ ಮಾಸಾಶನ ಇದೆ, ಅದರಲ್ಲಿ ಸಂಸಾರ ನಡೆಯುವುದಿಲ್ಲ, ಔಷಧಿಗೆ ಆಸರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲ ಮೇಳಗಳೂ ತಿರುಗಾಟದ ನಡುವೆಯೇ ನಿಂತಾಗ ಇಂಥ ಸಂಸ್ಥೆಗಳು ಮತ್ತು ಊರಿನ ಅಭಿಮಾನಿಗಳು ಅಕ್ಕಿ ಬೇಳೆ ಮುಟ್ಟಿಸಿದ್ದನ್ನು ನಾವು ಮರೆಯುವುದಿಲ್ಲ.

ಹಾಗಾದರೆ ಕಳಿಸುವುದಾ ಬೇಡವಾ? ಡಿಗ್ರಿ ಮುಗಿಯಲಿ, ಅದರಲ್ಲಿ ರಾಜಿ ಬೇಡ. ಮೇಳದ ಯಜಮಾನರ ಹತ್ತಿರ ಸಂಬಳ ಎಷ್ಟು, ಯಾವಾಗ ಕೈಗೆ ಬರುತ್ತದೆ, ಹುಷಾರಿಲ್ಲದೆ ರಜೆ ಹಾಕಿದರೆ ಕಡಿತ ಇದೆಯಾ ಅಂತ ನೀವೇ ಬಿಡಿಸಿ ಕೇಳಿ. ಅವರು ತಪ್ಪು ತಿಳಿಯುವುದಿಲ್ಲ. ಆಮೇಲೆ ಮಗನನ್ನು ಕೂರಿಸಿಕೊಂಡು ಜೂನ್‌ನಿಂದ ಅಕ್ಟೋಬರ್ ತನಕ ಏನು ಮಾಡ್ತೀಯ ಅಂತ ಕೇಳಿ. ಅವನ ಹತ್ತಿರ ಉತ್ತರ ಇದ್ದರೆ ಧೈರ್ಯವಾಗಿ ಕಳಿಸಿ. ಇಲ್ಲದಿದ್ದರೆ ಈ ಮಳೆಗಾಲ ಚಿಕ್ಕಮೇಳಕ್ಕೆ ಹೋಗಿ ಬರಲಿ, ತಿರುಗಾಟದ ಮಾತು ನವೆಂಬರ್ ಹತ್ತಿರ ಬಂದಾಗ ಆಡೋಣ.