ಇದು ಟಂಕಸಾಲೆಯ ತಪ್ಪೋ, ಸುಮ್ನೆ ಸವೆದದ್ದೋ?

ಕಾಸರಗೋಡಿನ ಕಡೆ ಹಳೆ ಮನೆ ಕೆಡವಿದರೆ ಪತ್ತಾಯದ ಅಡಿಯಲ್ಲೋ ದೇವರ ಕೋಣೆಯ ಡಬ್ಬಿಯಲ್ಲೋ ಒಂದಿಷ್ಟು ಹಳೆ ಚಿಲ್ಲರೆ ಸಿಕ್ಕೇ ಸಿಗುತ್ತದೆ. ಮರುದಿನ ನನಗೆ ಫೋಟೊ ಬರುತ್ತದೆ. "ಅಣ್ಣ, ಇದರಲ್ಲಿ ಅರ್ಧ ಅಕ್ಷರವೇ ಇಲ್ಲ. ಎರರ್ ಕಾಯಿನ್ ಅಲ್ವಾ? ಎಷ್ಟು ಸಿಗಬಹುದು?"

ಎರರ್ ಕಾಯಿನ್ ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯ. ಹೆಚ್ಚಿನವು ಅಲ್ಲ ಮಾರಾಯ್ರೇ. ಕೈಯಿಂದ ಕೈಗೆ ದಾಟಿ ಸವೆದವು.

ನಾನು ಕೇಳಿಕೊಳ್ಳುವುದು ಇಷ್ಟೇ: ಈ ಊನ ನಾಣ್ಯ ಮಾಡುವ ಯಾವ ಹಂತದಲ್ಲಿ ಆಗಿರಬಹುದು? ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಅದರ ಅಂಚು ಎಬ್ಬಿಸುತ್ತಾರೆ. ಆಮೇಲೆ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಇದರಲ್ಲಿ ಎಲ್ಲೂ ಕಾರಣ ಸಿಗದಿದ್ದರೆ ಅದು ಹೊರಗೆ ಬಂದ ಮೇಲೆ ಆದದ್ದು.

ಸವೆತ ಎತ್ತರದ ಜಾಗದಿಂದ ಶುರುವಾಗುತ್ತದೆ. ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಕೆನ್ನೆ, ಕೂದಲು ಮೊದಲು ನುಣ್ಣಗಾಗುತ್ತವೆ. ತೂಕವೂ ಇಳಿಯುತ್ತದೆ. ಆ ರೂಪಾಯಿ ಹೊಸದರಲ್ಲಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ಮುಖ ಮಸುಕು, ತೂಕ ಮಾತ್ರ ಪೂರ್ತಿ ಅಂತಾದರೆ ಅಚ್ಚು ಸರಿಯಾಗಿ ಬಿದ್ದಿಲ್ಲ ಅಂತ ಅನುಮಾನಿಸಬಹುದು.

ಅಂಚು ಕಚ್ಚಿದಂತೆ ಕಾಣುವ ನಾಣ್ಯ ಜಾಸ್ತಿ ಬರುತ್ತದೆ. ಬಿಲ್ಲೆ ಕತ್ತರಿಸುವಾಗ ಪಂಚು ಹಿಂದಿನ ತೂತಿನ ಮೇಲೆ ಸ್ವಲ್ಪ ಬಿದ್ದರೆ ನಿಜವಾಗಿಯೂ ಹೀಗಾಗುತ್ತದೆ. ಆಗ ಕಚ್ಚಿದ ಜಾಗದ ನೇರ ಎದುರಿನ ಅಂಚನ್ನು ನೋಡಿ. ಅಂಚು ಎಬ್ಬಿಸುವಾಗ ಅಲ್ಲಿ ಒತ್ತಡ ಸಿಗದೆ ಅದು ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಕಚ್ಚಿನ ಹತ್ತಿರದ ಅಕ್ಷರಗಳೂ ಮೆಲ್ಲನೆ ಎಳೆದಂತೆ ತೆಳುವಾಗುತ್ತವೆ. ಯಾರೋ ಅರ ಹಾಕಿ ಉಜ್ಜಿದ್ದಾದರೆ ಅಕ್ಷರ ಪಟ್ಟನೆ ತುಂಡಾಗಿರುತ್ತದೆ, ಎದುರಿನ ಅಂಚು ಗಟ್ಟಿಮುಟ್ಟಾಗಿರುತ್ತದೆ.

ಇನ್ನೊಂದು, ನನಗೆ ತುಂಬಾ ಇಷ್ಟದ್ದು: ಒಂದು ಮುಖದಲ್ಲಿ ಉಬ್ಬಿದ ಚಿತ್ರ, ಇನ್ನೊಂದರಲ್ಲಿ ಅದೇ ಚಿತ್ರ ಒಳಗೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾದಾಗ ಹೀಗಾಗುತ್ತದೆ. ಇದಕ್ಕೆ ನಕಲಿಯೂ ಉಂಟು. ಎರಡು ನಾಣ್ಯ ವೈಸಿಗೆ ಸಿಕ್ಕಿಸಿ ಬಿಗಿದರೆ ತಗ್ಗು ಗುರುತು ಬೀಳುತ್ತದೆ. ಆದರೆ ಆ ಮುಖದ ಮೂಲ ಚಿತ್ರ ಜಜ್ಜಿಹೋಗಿ ಅಡಿಯಲ್ಲೇ ಉಳಿದಿರುತ್ತದೆ.

ಓಟೆ ಮುಕ್ಕಾಲಿನ, ಅಂದರೆ ನಡುವೆ ತೂತಿರುವ ಹಳೆ ಒಂದು ಪೈಸೆಯ, ತೂತು ತಪ್ಪಲ್ಲ. ಯುದ್ಧಕಾಲದಲ್ಲಿ ಲೋಹ ಉಳಿಸಲು 1943ರಿಂದ ಹಾಗೇ ಮಾಡಿದ್ದು. ತೂತು ನಡುವಿನಿಂದ ಸರಿದಿದ್ದರೆ ಮಾತ್ರ ನನಗೆ ತೋರಿಸಿ.

ಬೇಕಲ ಕೋಟೆ ಟಿಪ್ಪುವಿನ ಕೈಯಲ್ಲಿದ್ದ ಕಾಲದ ಆನೆ ಪೈಸೆಗೆ ಈ ಲೆಕ್ಕ ನಡೆಯುವುದಿಲ್ಲ. ಅವು ಸುತ್ತಿಗೆಯಿಂದ ಕೈಯಲ್ಲಿ ಹೊಡೆದವು. ಆನೆಯ ಸೊಂಡಿಲು ಹೊರಗೆ ಹೋಗಿರುವುದು, ಬರಹ ಅರ್ಧ ಬಿದ್ದಿರುವುದು ಅಲ್ಲಿ ಮಾಮೂಲು. ಅದನ್ನು "ಅಪರೂಪದ ಎರರ್" ಅಂತ ಮಾರುವವರನ್ನು ನಂಬಬೇಡಿ.

ಫೋಟೊ ಕಳಿಸುವಾಗ ಎರಡು ಮುಖದ ಜೊತೆ ಅಂಚಿನದ್ದೂ ಕಳಿಸಿ, ತೂಕ ಬರೆಯಿರಿ. ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಕಚ್ಚಿದ ಜಾಗಕ್ಕೂ ಉಳಿದ ನಾಣ್ಯಕ್ಕೂ ಒಂದೇ ಹಳೆ ಬಣ್ಣ ಇದೆಯಾ ಅಂತ ನೋಡಬೇಕು. ತಿಕ್ಕಿದರೆ ಆ ಗುರುತೇ ಹೋಗುತ್ತದೆ.