ಹಿಗಾಶಿಮುರಾಯಾಮಾದ ಆ ಸೋಮವಾರ

2020ರ ಮಾರ್ಚ್ 29ರ ಭಾನುವಾರ, ಟೋಕಿಯೋದಲ್ಲಿ ಚೆರಿ ಹೂಗಳು ಮರದ ತುಂಬ ಅರಳಿದ್ದಾಗಲೇ ಹಿಮ ಸುರಿಯಿತು. ಕಿಟಕಿಯಿಂದ ಅದರ ಚಿತ್ರ ತೆಗೆದು ಶಿವಮೊಗ್ಗದಲ್ಲಿದ್ದ ಅಮ್ಮನಿಗೆ ಕಳುಹಿಸಿದೆ. ಅಲ್ಲಿ ಲಾಕ್‌ಡೌನ್ ಆರಂಭವಾಗಿ ಐದನೆಯ ದಿನ. ಅಮ್ಮ ಹೂವಿನ ಮಾತನ್ನೇ ಎತ್ತದೆ, ಮನೆಯಲ್ಲಿ ಅಕ್ಕಿ ಬೇಳೆ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಮನೆಯಿಂದಲೇ ಕಚೇರಿಯ ಕೆಲಸ ಮಾಡಲು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾಗ, ಪಕ್ಕದ ಮನೆಯ ಹಿರಿಯ ಹೆಂಗಸು ಬಾಗಿಲು ತಟ್ಟಿ, ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳು ಕೆಂಪಾಗಿದ್ದವು. ಅವರ ಮನೆಯವರಿಗೇ ಏನೋ ಆಗಿರಬೇಕೆಂದು ನಾನು ಗಾಬರಿಗೊಂಡೆ. ‘ಶಿಮುರಾ ಕೆನ್ ನಿನ್ನೆ ರಾತ್ರಿ ತೀರಿಕೊಂಡರಂತೆ’ ಎಂದರು. ಕೊರೊನಾ ತಗುಲಿ ಅವರು ಆಸ್ಪತ್ರೆ ಸೇರಿದ್ದ ಸುದ್ದಿಯನ್ನು ನಾನೂ ಓದಿದ್ದೆ. ಆದರೆ ಒಬ್ಬ ಟಿವಿ ಹಾಸ್ಯನಟನ ಸಾವನ್ನು ನೆರೆಮನೆಯವರಿಗೆ ಬಾಗಿಲು ತಟ್ಟಿ ತಿಳಿಸಬೇಕೆಂದು ಒಬ್ಬರಿಗೆ ಅನ್ನಿಸುವುದು ಏಕೆಂಬುದು ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ.

ನಾನು ಬಾಡಿಗೆಗಿದ್ದುದು ಟೋಕಿಯೋ ನಗರದ ಪಶ್ಚಿಮಕ್ಕಿರುವ ಹಿಗಾಶಿಮುರಾಯಾಮಾದಲ್ಲಿ. ಬಾಡಿಗೆ ಕಡಿಮೆ ಎಂಬುದನ್ನು ಬಿಟ್ಟರೆ ಆ ಊರನ್ನು ಆರಿಸಿಕೊಳ್ಳಲು ನನಗೆ ಬೇರೆ ಕಾರಣವಿರಲಿಲ್ಲ. ರೈಲು ಹೊರಡುವ ಮೊದಲು ಅಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಒಂದು ಜಾನಪದ ಧಾಟಿಯ ರಾಗ ಕೇಳಿಬರುತ್ತಿತ್ತು. ಅದು ‘ಹಿಗಾಶಿಮುರಾಯಾಮಾ ಓಂದೋ’ ಎಂಬ ಊರಹಾಡು, ಅದನ್ನು ಜಪಾನಿನ ಮನೆಮನೆಗೆ ಮುಟ್ಟಿಸಿದವರು ಇದೇ ಊರಿನಲ್ಲಿ 1950ರಲ್ಲಿ ಹುಟ್ಟಿದ ಶಿಮುರಾ ಎಂಬುದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಆ ಹೊತ್ತಿಗೆ ಅವರನ್ನು ಶನಿವಾರ ಸಂಜೆಯ ಪ್ರಾಣಿಗಳ ಕಾರ್ಯಕ್ರಮದಲ್ಲಿ ನೋಡುತ್ತಿದ್ದೆ. ನಾಯಿಮರಿಗಳನ್ನು ಮುದ್ದಿಸುವ, ಮಿತಭಾಷಿಯಾದ, ತುಸು ನಾಚಿಕೆಯ ಹಿರಿಯರೆಂದಷ್ಟೇ ಎಣಿಸಿದ್ದೆ.

ಆ ದಿನ ಮಧ್ಯಾಹ್ನ ನಮ್ಮ ಮನೆಗಳ ನಡುವಿನ ಮೊಗಸಾಲೆಯಲ್ಲಿ ದೂರ ದೂರ ನಿಂತು ಆಕೆ ಹೇಳಿದ್ದನ್ನೂ, ಅನಂತರ ನಾನು ಓದಿಕೊಂಡದ್ದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಶಿಮುರಾರ ತಂದೆ ಶಾಲಾ ಶಿಕ್ಷಕರು, ಬಲು ಬಿಗಿ ಸ್ವಭಾವದವರು. ಅಂಥ ತಂದೆಯೂ ಟಿವಿಯಲ್ಲಿ ಹಾಸ್ಯ ಬಂದಾಗ ನಗುತ್ತಿದ್ದರು ಎಂಬುದೇ ಹುಡುಗನನ್ನು ಈ ದಾರಿಗೆ ಹಚ್ಚಿತಂತೆ. ಮುಂದೆ ರಂಗದ ಮೇಲೆ ಇಟ್ಟುಕೊಂಡ ‘ಕೆನ್’ ಎಂಬುದು ಆ ತಂದೆಯ ಹೆಸರಿನದೇ ಒಂದು ಅಕ್ಷರ. 1968ರಲ್ಲಿ, ಹೈಸ್ಕೂಲು ಮುಗಿಯುವ ಮೊದಲೇ, ‘ದಿ ಡ್ರಿಫ್ಟರ್ಸ್’ ಎಂಬ ಹಾಸ್ಯ ತಂಡದ ನಾಯಕ ಇಕಾರಿಯಾ ಚೋಸುಕೆ ಅವರ ಮನೆಯ ಮುಂದೆ ಹಿಮದಲ್ಲಿ ಗಂಟೆಗಟ್ಟಲೆ ಕಾದು ನಿಂತು, ಸಾಮಾನು ಹೊರುವ ಆಳಾಗಿ ಆತ ತಂಡವನ್ನು ಸೇರಿದ. ಪೂರ್ಣ ಸದಸ್ಯತ್ವ ದೊರೆತದ್ದು 1974ರಲ್ಲಿ, ಅರಾಯ್ ಚೂ ನಿರ್ಗಮಿಸಿದಾಗ. ಜನರಿಗೆ ಅಚ್ಚುಮೆಚ್ಚಿನವರಾಗಿದ್ದ ಹಿರಿಯರ ಜಾಗದಲ್ಲಿ ಬಂದು ನಿಂತ ಇಪ್ಪತ್ತನಾಲ್ಕರ ಯುವಕನಿಗೆ ಮೊದಲೆರಡು ವರ್ಷ ನಗು ದಕ್ಕಲೇ ಇಲ್ಲ. 1976ರಲ್ಲಿ ಊರಹಾಡನ್ನು ಅಂಕುಡೊಂಕಾಗಿ ಹಾಡಿದ ಮೇಲೆ ಎಲ್ಲವೂ ಬದಲಾಯಿತು. ಸೊಂಟದ ಕೆಳಗಿನಿಂದ ಹಂಸದ ಕತ್ತು ಮುಂದಕ್ಕೆ ಚಾಚಿಕೊಂಡ ಬ್ಯಾಲೆ ಉಡುಗೆಯಲ್ಲಿ ಆತ ಕುಣಿಯುವುದನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು, ತಾಯಂದಿರು ಚಾನೆಲ್ ಬದಲಿಸಲು ಓಡಿದರು. ‘ನಾನೂ ಓಡಿದವಳೇ’ ಎಂದು ಆಕೆ ಒಪ್ಪಿಕೊಂಡರು.

ಅವರು ಹೇಳುತ್ತಿದ್ದುದು ‘ಎಂಟು ಗಂಟೆಯಾಯಿತು, ಎಲ್ಲರೂ ಸೇರಿರಿ’ ಎಂಬ ಅರ್ಥದ ಹೆಸರಿನ ಕಾರ್ಯಕ್ರಮದ ಬಗ್ಗೆ. 1969ರಿಂದ 1985ರವರೆಗೆ ಟಿಬಿಎಸ್ ವಾಹಿನಿ ಅದನ್ನು ಶನಿವಾರ ರಾತ್ರಿ ಎಂಟಕ್ಕೆ ಸಭಾಂಗಣಗಳಿಂದ ನೇರವಾಗಿ ಬಿತ್ತರಿಸುತ್ತಿತ್ತು. ನೇರ ಪ್ರಸಾರವೆಂದರೆ, ಕುಸಿಯಬೇಕಾದ ಮನೆ ಸರಿಯಾದ ಕ್ಷಣದಲ್ಲಿ ಕುಸಿಯಲೇಬೇಕು, ತಲೆಯ ಮೇಲೆ ಬೀಳಬೇಕಾದ ತಟ್ಟೆ ಆ ಮಾತಿನ ಕೊನೆಗೇ ಬೀಳಬೇಕು. ತಪ್ಪಿದರೆ ಇನ್ನೊಮ್ಮೆ ಮಾಡಿ ತೋರಿಸಲು ಅವಕಾಶವಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಪರದೆ ಸಿಕ್ಕಿಹಾಕಿಕೊಂಡಾಗ ಹಾಸ್ಯಗಾರನನ್ನು ಮುಂದಕ್ಕೆ ತಳ್ಳುತ್ತಿದ್ದ ಕಥೆಗಳನ್ನು ಅಜ್ಜನಿಂದ ಕೇಳಿ ಬೆಳೆದ ನನಗೆ ಇದು ಬಲು ರುಚಿಸಿತು. 1984ರ ಜೂನ್‌ನಲ್ಲಿ, ಹಿಗಾಶಿಮುರಾಯಾಮಾಕ್ಕೆ ಹತ್ತಿರವೇ ಇರುವ ಇರುಮಾದ ಸಭಾಂಗಣದಲ್ಲಿ ಪ್ರಸಾರ ಆರಂಭವಾಗುವ ಹೊತ್ತಿಗೆ ವಿದ್ಯುತ್ ಕೈಕೊಟ್ಟಿತು. ಬ್ಯಾಟರಿ ಬೆಳಕಿನಲ್ಲಿ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಕಳೆದು, ದೀಪ ಬಂದೊಡನೆ ಇಕಾರಿಯಾ ‘ಎಂಟು ಗಂಟೆ ಒಂಬತ್ತೂವರೆ ನಿಮಿಷವಾಯಿತು’ ಎಂದು ಕೂಗಿ ಕಾರ್ಯಕ್ರಮವನ್ನು ಮೊದಲಿನಿಂದ ಆರಂಭಿಸಿದರು.

ನನಗೆ ಮರೆಯಲಾಗದ್ದು ಇನ್ನೊಂದು. ಶಿಮುರಾ ಕತ್ತಲ ಮನೆಯಲ್ಲಿ ಒಬ್ಬನೇ ನಡೆಯುತ್ತಿರುತ್ತಾನೆ, ಬೆನ್ನ ಹಿಂದೆ ಒಂದು ದೆವ್ವ ಮೆಲ್ಲಗೆ ಎದ್ದು ನಿಲ್ಲುತ್ತದೆ. ಸಭಾಂಗಣದ ಮಕ್ಕಳೆಲ್ಲ ‘ಶಿಮುರಾ, ಉಶಿರೋ!’ ಎಂದು, ಅಂದರೆ ‘ಶಿಮುರಾ, ಹಿಂದೆ!’ ಎಂದು, ಗಂಟಲು ಹರಿಯುವಂತೆ ಕೂಗುತ್ತಾರೆ. ಪಕ್ಕದ ಮನೆಯಾಕೆ ಇದನ್ನು ಬಾಯಲ್ಲಿ ಹೇಳಲಿಲ್ಲ, ಮಾಡಿಯೇ ತೋರಿಸಿದರು. ಎಪ್ಪತ್ತು ದಾಟಿದ ಆಕೆ ಮಾಸ್ಕ್ ಹಾಕಿಕೊಂಡೇ ಕತ್ತನ್ನು ಬಲಕ್ಕೆ ಹೊರಳಿಸಿದರು, ದೆವ್ವ ಎಡಕ್ಕೆ ಜಾರಿತು; ಎಡಕ್ಕೆ ಹೊರಳಿಸಿದರು, ಅದು ಬಲಕ್ಕೆ ಸರಿಯಿತು. ಅವರ ಮಗ ಚಿಕ್ಕವನಿದ್ದಾಗ ಟಿವಿಯ ಗಾಜಿಗೆ ಮುಖವೊತ್ತಿ ಕೂಗಿ ಕೂಗಿ, ಕೊನೆಗೆ ಇವನಿಗೆ ಕಿವಿ ಕೇಳುವುದಿಲ್ಲವೆಂದು ಅಳುತ್ತಿದ್ದನಂತೆ. ‘ಕೇಳುತ್ತಿತ್ತು. ಎಲ್ಲ ಮಕ್ಕಳೂ ಕೂಗುವವರೆಗೆ ಕಾಯುತ್ತಿದ್ದರು, ಅಷ್ಟೇ’ ಎಂದರು ಆಕೆ. ಜಪಾನಿ ಭಾಷೆ ಅರೆಬರೆ ಬರುವ ನನಗೂ ಶಿಮುರಾರ ಹಾಸ್ಯ ಅರ್ಥವಾಗುತ್ತಿದ್ದುದು ಈ ಕಾಯುವಿಕೆಯಿಂದಲೇ ಇರಬೇಕು. ಮಾತಿನ ಚಮತ್ಕಾರವನ್ನೇ ನಂಬಿದ ಹಾಸ್ಯ ಕಡಲು ದಾಟುವುದು ಕಷ್ಟ.

ಸಂಜೆ ಹಾಲು ತರಲು ಹೋದಾಗ ನಿಲ್ದಾಣದ ಪೂರ್ವ ದ್ವಾರದ ಬಳಿ ಜನ ಬಂದು ಹೋಗುತ್ತಿದ್ದರು. ಊರಿನ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ್ದಕ್ಕಾಗಿ 1976ರಲ್ಲಿ ನೆಟ್ಟ ಮೂರು ಕೆಯಾಕಿ ಮರಗಳು ಅಲ್ಲಿವೆ. ಅವುಗಳ ಬುಡದಲ್ಲಿ ಹೂಗುಚ್ಛಗಳಿದ್ದವು. ಯಾರೂ ಗುಂಪುಗೂಡಿರಲಿಲ್ಲ; ಒಬ್ಬರು ತಲೆಬಾಗಿ ಸರಿದ ಮೇಲೆ ಮತ್ತೊಬ್ಬರು ಮುಂದೆ ಬರುತ್ತಿದ್ದರು.

ಶಿಮುರಾರ ಅಣ್ಣ ಚಿತಾಭಸ್ಮದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಈ ಊರಿನ ಮನೆಗೆ ಬಂದದ್ದನ್ನು ಮರುದಿನ ಟಿವಿಯಲ್ಲಿ ತೋರಿಸಿದರು. ಸೋಂಕಿನ ಭಯದಿಂದ ತಮ್ಮನ ಮುಖವನ್ನು ಕೊನೆಯ ಬಾರಿ ನೋಡಲೂ ಆಗಲಿಲ್ಲವೆಂದು ಅವರು ಹೇಳಿದರು. ಜಪಾನಿನಲ್ಲಿ ದಹನದ ನಂತರ ಮನೆಯವರು ಸೇರಿ ಕಡ್ಡಿಗಳಿಂದ ಅಸ್ಥಿಯನ್ನು ಎತ್ತಿ ಕರಂಡಕದಲ್ಲಿ ಇಡುವುದು ವಾಡಿಕೆ. ಅಮ್ಮ ಫೋನಿನಲ್ಲಿ ದಿನವೂ ‘ಅಲ್ಲಿ ಹೇಗಿದೆ’ ಎಂದು ಕೇಳುತ್ತಿದ್ದಳು. ಇದನ್ನು ಮಾತ್ರ ನಾನು ಅವಳಿಗೆ ಹೇಳಲಿಲ್ಲ.

ಏಪ್ರಿಲ್ 1ರ ರಾತ್ರಿ ಫುಜಿ ವಾಹಿನಿಯಲ್ಲಿ ಸ್ಮರಣೆಯ ಕಾರ್ಯಕ್ರಮವಿತ್ತು. ನನ್ನ ಮನೆಯಲ್ಲಿ ಟಿವಿ ಕೆಟ್ಟಿತ್ತು. ಪಕ್ಕದಾಕೆ ತಮ್ಮ ಬಾಗಿಲನ್ನು ತೆರೆದಿಟ್ಟು, ಚಪ್ಪಲಿ ಬಿಡುವ ಜಾಗದಲ್ಲಿ ನನಗೊಂದು ಸ್ಟೂಲು ಹಾಕಿ, ತಾವು ಒಳಗಿನ ಕೋಣೆಯ ಆ ತುದಿಗೆ ಹೋಗಿ ಕುಳಿತರು. ತೆರೆಯ ಮೇಲೆ ಕಾತೋ ಚಾ, ತಾಕಾಗಿ ಬೂ, ನಾಕಾಮೋತೋ ಕೋಜಿ, ತಂಡದಲ್ಲಿ ಉಳಿದಿದ್ದ ಮೂವರು ವೃದ್ಧರು, ಹಳೆಯ ದೃಶ್ಯಗಳನ್ನು ನೋಡುತ್ತ ಕುಳಿತಿದ್ದರು. ಮುಖಕ್ಕೆಲ್ಲ ಬಿಳಿ ಬಳಿದು, ತಲೆಯ ಮೇಲೆ ಜುಟ್ಟು ನೆಟ್ಟಗೆ ನಿಲ್ಲಿಸಿದ ‘ಪೆದ್ದ ದೊರೆ’ಯ ವೇಷದಲ್ಲಿ ಶಿಮುರಾ ಬಂದರು. ನಾನು ಜೋರಾಗಿ ನಕ್ಕುಬಿಟ್ಟೆ. ನಕ್ಕದ್ದಕ್ಕೆ ಸಂಕೋಚವಾಗಿ ಆಕೆಯ ಕಡೆ ನೋಡಿದೆ. ಅವರು ನನ್ನತ್ತ ತಿರುಗಲಿಲ್ಲ. ರಿಮೋಟನ್ನು ಕೈಗೆತ್ತಿಕೊಂಡು, ಬಾಗಿಲಿನವರೆಗೂ ಸರಿಯಾಗಿ ಕೇಳಲೆಂದು ಧ್ವನಿಯನ್ನು ಇನ್ನೂ ಸ್ವಲ್ಪ ಹೆಚ್ಚಿಸಿದರು.