ನಮ್ಮ ಸೆಕೆಂಡ್ ಹ್ಯಾಂಡ್ ಔಟ್‌ಬ್ಯಾಕ್

ಡೆನ್ವರ್‌ನಲ್ಲಿ ಯಾವ ಕಾರು ತಗೊಳ್ಳಲಿ ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ, ಸುಬರು. ಎಲ್ಲರೂ ಹೇಳುತ್ತಾರೆ ಅನ್ನೋ ಕಾರಣಕ್ಕೇ ನಾನು ಅದರಿಂದ ದೂರ ಇದ್ದೆ. ಕೊನೆಗೆ ಮಕ್ಕಳ ಎರಡು ಕಾರ್ ಸೀಟು, ಸ್ಟ್ರಾಲರ್, ತೀರ್ಥಹಳ್ಳಿಯಿಂದ ಬಂದ ಅಮ್ಮನ ಎರಡು ದೊಡ್ಡ ಸೂಟ್‌ಕೇಸು, ಇವೆಲ್ಲ ಹಳೆಯ ಸೆಡಾನಿನಲ್ಲಿ ಹಿಡಿಸದೆ ಒದ್ದಾಡಿದ ಮೇಲೆ 2017ರ ಸುಬರು ಔಟ್‌ಬ್ಯಾಕ್ ತಂದೆ. 71 ಸಾವಿರ ಮೈಲಿ ಓಡಿದ ಗಾಡಿ.

ಸ್ಟೇಷನ್ ವ್ಯಾಗನ್ ಅಂದರೂ ಇದರ ಅಡಿಭಾಗ ನೆಲದಿಂದ 8.7 ಇಂಚು ಎತ್ತರ ಇದೆ. ಮಂಡಿನೋವಿನ ಅಮ್ಮ ಮೊದಲ ದಿನವೇ ಪಾಸ್ ಮಾಡಿಬಿಟ್ಟರು: "ಹತ್ತೋದೂ ಬೇಡ, ಬಗ್ಗೋದೂ ಬೇಡ, ಸುಮ್ನೆ ಕೂತ್ರೆ ಆಯ್ತು."

ಓಡಿಸೋಕೆ ಹೇಗಿದೆ? ಊರೊಳಗೆ ಹಾಯಾಗಿದೆ. ಸೀಟು ಮೆತ್ತಗೆ, ಗುಂಡಿಗಳು ಗೊತ್ತೇ ಆಗಲ್ಲ, ತಿರುವಿನಲ್ಲಿ ಸ್ವಲ್ಪ ವಾಲುತ್ತದೆ. ಆದರೆ ಐ-70 ಹೆದ್ದಾರಿ ಹಿಡಿದು ಬೆಟ್ಟ ಹತ್ತೋಕೆ ಶುರು ಮಾಡಿದರೆ ಕಥೆ ಬೇರೆ. ಐಸೆನ್‌ಹೋವರ್ ಟನೆಲ್ ಇರೋದು 11 ಸಾವಿರ ಅಡಿಗೂ ಮೇಲೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ, ಅಂದರೆ ಕಾಗದದ ಮೇಲಿನ 175 ಹಾರ್ಸ್‌ಪವರ್‌ನಲ್ಲಿ ಅಲ್ಲಿಗೆ ಬಂದು ಮುಟ್ಟೋದು 120 ಇರಬಹುದು ಅಷ್ಟೆ. ಕಾಲು ಪೂರ್ತಿ ಒತ್ತಿದರೆ ಸಿವಿಟಿ (ಹಂತಹಂತದ ಗೇರುಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಮಿಕ್ಸಿ ಹಾಕಿದ ಹಾಗೆ ಒಂದೇ ಸಮ ಕೂಗುತ್ತೆ, ವೇಗ ಮಾತ್ರ ನಿಧಾನಕ್ಕೆ ಏರುತ್ತೆ. "ಇದಕ್ಕೇನಾದ್ರೂ ದಮ್ಮು ಇದೆಯೇನೋ?" ಅಂದರು ಅಮ್ಮ.

ಟನೆಲ್ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಇದೇ ಗಾಡಿ ಮೇಲೆ ನನಗೆ ಪ್ರೀತಿ ಬಂತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಅಪ್ಪ ಆಗುಂಬೆ ಘಾಟಿಯಲ್ಲಿ ಕಲಿಸಿದ್ದರು. ಇದರಲ್ಲಿ ನಿಜವಾದ ಗೇರುಗಳೇ ಇಲ್ಲ, ಆದರೂ ಸ್ಟೇರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಎರಡು ಸಲ ಎಳೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಮುಟ್ಟೋ ಕೆಲಸ ಕಡಿಮೆ.

ಮೊದಲ ಹಿಮ ಬಿದ್ದ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟಿಗೆ ಹೋದೆ. ಇದು ಆಲ್-ವೀಲ್-ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುತ್ತೆ. ನಿಂತಲ್ಲಿಂದ ಹೊರಟಿತು ನೋಡಿ, ಒಂದು ಚಕ್ರವೂ ಜಾರಿ ಸುಮ್ನೆ ಸುತ್ತಲಿಲ್ಲ. ಖುಷಿಯಾಗಿ 20 ಮೈಲಿ ವೇಗದಲ್ಲಿ ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಕಾಲಡಿ ಗರಗರ ಅಂತು, ಗಾಡಿ ಹಳೆಯ ಸೆಡಾನ್ ಜಾರಿದಷ್ಟೇ ಜಾರಿತು. ನಿಲ್ಲಿಸೋಕೆ ಎಲ್ಲಾ ಕಾರಿಗೂ ನಾಲ್ಕು ಚಕ್ರದ ಬ್ರೇಕು ಇದ್ದೇ ಇದೆ, ಅಲ್ವಾ? ಹಿಮದ ಮೇಲೆ ಹಿಡಿತ ಕೊಡೋದು ಟೈರು.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ಅದುರುತ್ತಿತ್ತು. ಮೆಕ್ಯಾನಿಕ್ ಗೇಜ್ ಇಟ್ಟು ನೋಡಿದ. ಮುಂದಿನ ಎರಡು ಟೈರಿನ ಗ್ರಿಪ್ (ಟೈರಿನ ಮೇಲಿನ ಗೀರುಗಳ ಆಳ) 6.5 ಮಿಮೀ, ಹಿಂದಿನದು 3.5. ಮಾರಿದವರು ಎರಡೇ ಟೈರು ಹೊಸದು ಹಾಕಿ ಕೈ ತೊಳೆದುಕೊಂಡಿದ್ದರು. ಸುಬರುವಿನಲ್ಲಿ ನಾಲ್ಕೂ ಟೈರಿನ ಸುತ್ತಳತೆ ಕಾಲು ಇಂಚಿನೊಳಗೆ ಹೊಂದಬೇಕು, ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಕ್ಲಚ್ ಸುಮ್ನೆ ಸವೆಯುತ್ತಾ ಹೋಗುತ್ತೆ. ಅದೂ ಸಾಲದು, ಸೆಪ್ಟೆಂಬರ್‌ನಿಂದ ಮೇವರೆಗೆ ಐ-70ರ ಬೆಟ್ಟದ ಭಾಗದಲ್ಲಿ ಆಲ್-ವೀಲ್-ಡ್ರೈವ್ ಗಾಡಿಗೂ 3/16 ಇಂಚು, ಅಂದರೆ ಹತ್ತಿರ ಹತ್ತಿರ 5 ಮಿಮೀ ಗ್ರಿಪ್ ಕೇಳುತ್ತಾರೆ.

ನಾಲ್ಕೂ ಬದಲಾಯಿಸಿದೆ. ಅದುರೋದು ನಿಂತಿತು.

ಮೂರೇ ವಾರಕ್ಕೆ ಒಂದಕ್ಕೆ ಮೊಳೆ ಚುಚ್ಚಿತು. ಪುಣ್ಯಕ್ಕೆ ಟೈರಿನ ನಡುಭಾಗ, ಪ್ಯಾಚ್ ಸಾಕಾಯಿತು. ಪಕ್ಕದ ಗೋಡೆಗೆ ಚುಚ್ಚಿದ್ದರೆ ಹೊಸ ಟೈರು ತಂದು ಉಳಿದ ಮೂರಕ್ಕೆ ಹೊಂದುವಂತೆ ಕೆರೆಸಬೇಕಿತ್ತಂತೆ. ಆ ಮೊಳೆ ಈಗಲೂ ಕಪ್ ಹೋಲ್ಡರ್‌ನಲ್ಲಿದೆ.